ಕೂರುವುದಕ್ಕೆಂದು ವಿಯೆನ್ನಾಗೆ

ವೀಸಾಕ್ಕೆ ಬೆರಳಚ್ಚು ಕೊಟ್ಟು, ಉಣ್ಣೆಯ ಟೋಪಿ ಕೊಂಡು, ವಿಮಾನದಲ್ಲಿ ಕತ್ತು ನೋಯಿಸಿಕೊಂಡು ಯೂರೋಪಿಗೆ ಹೋಗಿ ಬೆಂಚಿನ ಮೇಲೆ ಕೂತು ಬಂದವಳು ನಾನು. ನೋಡುವುದಕ್ಕೆಂದು ಹೋದವಳಲ್ಲ, ಕೂರುವುದಕ್ಕೆಂದೇ ಹೋದವಳು. ಶ್ರೀರಂಗಪಟ್ಟಣದ ನಮ್ಮ ಬೀದಿಯಲ್ಲಿ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ನಂಬಿದ ಒಬ್ಬಿಬ್ಬರು ನನ್ನ ತಲೆ ನೆಟ್ಟಗಿದೆಯೇ ಎಂದು ನಮ್ಮ ಯಜಮಾನರನ್ನು ಗುಟ್ಟಾಗಿ ವಿಚಾರಿಸಿಕೊಂಡು ಹೋದರು. ನಮ್ಮವರು ಏನು ಉತ್ತರ ಕೊಟ್ಟರೋ ನನಗೆ ಗೊತ್ತಿಲ್ಲ.

ಯೂರೋಪಿಗೆ ಹೋಗಿಬಂದವರ ಮೇಲೆ ನನಗೆ ಮೊದಲಿನಿಂದಲೂ ಗೌರವ ಅಷ್ಟಕ್ಕಷ್ಟೆ. ಹೋಗುವಾಗ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ನಿಂಬೆಕಾಯಿ ಉಪ್ಪಿನಕಾಯಿ ಕಟ್ಟಿಕೊಂಡು ಹೋಗುತ್ತಾರೆ. ಬರುವಾಗ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಗೋಪುರಗಳನ್ನು ತರುತ್ತಾರೆ. ಏನು ನೋಡಿದಿರಿ ಎಂದು ಕೇಳಿ ನೋಡಿ. ಯಾವ ದೇಶದಲ್ಲಿ ಮೊಸರು ಚೆನ್ನಾಗಿತ್ತು, ಯಾವ ದೇಶದ ಬಚ್ಚಲಲ್ಲಿ ಚೊಂಬು ಇರಲಿಲ್ಲ ಎಂಬ ವಿವರ ಸಿಗುತ್ತದೆ. ಏಳು ದೇಶಗಳನ್ನು ಬಸ್ಸಿನಲ್ಲಿ ಸುತ್ತಿ ಆರರಲ್ಲಿ ನಿದ್ದೆ ಮಾಡಿರುತ್ತಾರೆ. ಎಚ್ಚರವಿದ್ದ ಏಳನೆಯ ದೇಶ ಯಾವುದೆಂದು ಗಂಡಹೆಂಡಿರಲ್ಲಿ ಒಮ್ಮತವಿರುವುದಿಲ್ಲ.

ಈಗ ಆ ಓಟದ ಕಾಲ ಮುಗಿದು ನಿಧಾನದ ಕಾಲ ಬಂದಿದೆ. ಒಂದು ಬೆಳಿಗ್ಗೆ ಪೇಪರಿನೊಳಗಿಂದ ಬಣ್ಣದ ಹಾಳೆಯೊಂದು ಜಾರಿ ಬಿತ್ತು. ಹಿರಿಯರಿಗಾಗಿ ನಿಧಾನ ಯೂರೋಪು, ವಿಯೆನ್ನಾ ಒಂದೇ ನಗರ, ಒಂದು ಇಡೀ ವಾರ, ಧಾವಂತವಿಲ್ಲ, ನಡೆದಲ್ಲೆಲ್ಲ ಆಸನ ಎಂದು ಬರೆದಿತ್ತು. ಪಕ್ಕದಲ್ಲಿ ಬಿಳಿಗೂದಲಿನ ಗಂಡಹೆಂಡಿರು ಬೆಂಚಿನ ಮೇಲೆ ಕೂತು, ಆ ವಯಸ್ಸಿನಲ್ಲಿ ಯಾರ ಬಾಯಲ್ಲೂ ಇರಲಾರದಷ್ಟು ಹಲ್ಲು ತೋರಿಸಿ ನಗುತ್ತಿದ್ದರು. ಬದುಕೆಲ್ಲ ನಿಧಾನವಾಗಿಯೇ ಕಳೆದಿರುವ ನಮ್ಮ ಕಡೆಯವರಿಗೆ ನಿಧಾನವನ್ನು ಮಾರಲು ಬಂದವನ ಧೈರ್ಯಕ್ಕೆ ಮೆಚ್ಚಿ, ಆ ಹಾಳೆಯನ್ನು ತೊಗರಿಬೇಳೆ ಡಬ್ಬಿಯ ಕೆಳಗೆ ಹಾಸಿದೆ.

ನಾನು ಪಾಂಡವಪುರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತಳಾದವಳು. ಯೂರೋಪನ್ನು ನೋಡದೆಯೇ ಅದರ ನಕ್ಷೆಯನ್ನು ಕಪ್ಪುಹಲಗೆಯ ಮೇಲೆ ಕಣ್ಣುಮುಚ್ಚಿ ಬರೆಯುತ್ತಿದ್ದೆ. ಇಟಲಿಯ ಬೂಟು, ಸ್ಪೇನಿನ ಚೌಕ, ಮಧ್ಯದಲ್ಲಿ ನೀಲಿ ಸೀಮೆಸುಣ್ಣದ ಡ್ಯಾನ್ಯೂಬ್ ನದಿ. ಇಷ್ಟೆಲ್ಲ ಮಾಡಿಯೂ ಅದನ್ನು ಹೋಗಿ ನೋಡಬೇಕೆಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ನೋಡಿದರೆ ಪಾಠ ಕೆಟ್ಟುಹೋಗುವ ಭಯ ಎಲ್ಲ ಮೇಷ್ಟ್ರುಗಳಿಗೂ ಇರುತ್ತದೆ, ಯಾರೂ ಹೇಳುವುದಿಲ್ಲ.

ಅಲ್ಲದೆ ಯೂರೋಪೇ ನಮ್ಮೂರಿಗೆ ಬರುತ್ತಿರುವಾಗ ನಾವೇಕೆ ಹೋಗಬೇಕು? ಕೋಟೆಯ ನೀರುಬಾಗಿಲಿನ ಹತ್ತಿರ ಚಳಿಗಾಲದಲ್ಲಿ ನೋಡಬೇಕು ಅವರನ್ನು. ಕೆಂಪಗೆ ಬೆಂದ ಮುಖ, ದೊಡ್ಡ ಟೋಪಿ, ಮೊಣಕಾಲಿಗೆ ಪಟ್ಟಿ. ಒಮ್ಮೆ ಒಬ್ಬ ಮುದುಕಿ ಚೀಲದಿಂದ ಅಂಗೈಯಗಲದ ಮಡಿಸುವ ಸ್ಟೂಲೊಂದನ್ನು ತೆಗೆದು, ಬೀದಿಯ ಮಧ್ಯೆ ಊರಿ, ಎಮ್ಮೆಗಳು ದಾಟುತ್ತಿದ್ದರೂ ಅಲ್ಲಾಡದೆ ಕೂತು ಮುರಿದ ಗೋಡೆಯನ್ನು ನೋಡಿದಳು. ಮುರಿದ ಗೋಡೆ ನೋಡಲು ಸ್ಟೂಲು ಹೊತ್ತು ಸಮುದ್ರ ದಾಟಿದ್ದಾಳಲ್ಲ ಎಂದು ನಾನು ಮನೆಗೆ ಬಂದು ನಮ್ಮವರಿಗೆ ಹೇಳಿ ಹೇಳಿ ನಕ್ಕಿದ್ದೆ.

ಇಂಥ ನಾನು ಹೊರಡಬೇಕಾದದ್ದು ಜುಬೇದಾಳಿಂದ. ಜುಬೇದಾ ನಮ್ಮ ಶಾಲೆಯಲ್ಲಿ ಹೊಲಿಗೆ ಮೇಡಂ ಆಗಿದ್ದವಳು, ನನಗಿಂತ ಸ್ವಲ್ಪ ಚಿಕ್ಕವಳು. ಮಸೀದಿಯ ಹಿಂದಿನ ಬೀದಿಯಲ್ಲಿ ಮನೆ. ಗಂಡ ತೀರಿಕೊಂಡರೂ ಮೈದುನಂದಿರು, ಓರಗಿತ್ತಿಯರು, ಮಕ್ಕಳು ಎಂದು ಮನೆ ತುಂಬ ಜನ. ಒಬ್ಬ ಮೈದುನ ಟೆಂಪೋ ಓಡಿಸುತ್ತಾನೆ, ಇನ್ನೊಬ್ಬನದು ನಾಗಮಂಗಲದಲ್ಲಿ ಚಪ್ಪಲಿ ಅಂಗಡಿ. ಕೆಲಸದಲ್ಲಿದ್ದಷ್ಟೂ ಕಾಲ ನಾವಿಬ್ಬರೂ ಒಂದೇ ಬಸ್ಸಿನಲ್ಲಿ, ಸಾಧ್ಯವಾದರೆ ಒಂದೇ ಸೀಟಿನಲ್ಲಿ, ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗಿಬಂದವರು. ನನ್ನ ಸೆರಗಿನ ಅಂಚುಗಳನ್ನೆಲ್ಲ ಅವಳು ಬಸ್ಸಿನಲ್ಲೇ ಹೊಲಿದುಕೊಟ್ಟಿದ್ದಾಳೆ. ನಡಿಗೆಯಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಮಕ್ಕಳನ್ನು ತೊಣ್ಣೂರು ಕೆರೆಗೆ ಕರೆದುಕೊಂಡು ಹೋದಾಗ ಹುಡುಗರು ಏರಿಯ ಬುಡದಲ್ಲಿ ಏದುಸಿರು ಬಿಡುತ್ತಿದ್ದರೆ ಇವಳು ಮೇಲೆ ನಿಂತು ನಮ್ಮನ್ನೆಲ್ಲ ಕೈಬೀಸಿ ಕರೆಯುತ್ತಿದ್ದಳು. ನಾನು ಯಾವಾಗಲೂ ಹಿಂದೆ ಉಳಿಯುತ್ತಿದ್ದೆ, ಅದಕ್ಕೊಂದು ಚರಿತ್ರೆಯ ವಿವರಣೆ ಕೊಡುತ್ತಿದ್ದೆ.

ಅವಳು ಬಿದ್ದದ್ದು ಕೆ.ಆರ್. ಪೇಟೆಯಲ್ಲಿ. ನೆಂಟರ ಮದುವೆ ಮುಗಿಸಿ ಬಸ್ಸು ಹತ್ತುವಾಗ ಮೆಟ್ಟಿಲು ತಪ್ಪಿತು, ಸೊಂಟದ ಮೂಳೆ ಮುರಿಯಿತು. ಮೂಳೆ ಸರಿಹೋಯಿತು, ಡಾಕ್ಟರು ಮೆಚ್ಚಿಕೊಂಡರು. ಇನ್ನು ನಡೆಯಬೇಕು, ನಡೆಯದಿದ್ದರೆ ಕಾಲು ಕೂತುಬಿಡುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ ಎಂದರು. ಜುಬೇದಾ ಮಾತ್ರ ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಜಾರಕ್ಕೆ ಬಿಟ್ಟರೆ ಹೊಸಿಲು ದಾಟಲಿಲ್ಲ. ಪ್ರತಿ ಸಂಜೆ ನಮ್ಮ ಮನೆಗೆ ಬರುತ್ತಿದ್ದವಳ ಮನೆಗೆ ಈಗ ನಾನೇ ಹೋಗಬೇಕಾಯಿತು. ಗದರಿಸಿದೆ, ಹಂಗಿಸಿದೆ, ಕೈಹಿಡಿದು ಎಳೆದೆ. ಅವಳು ಸುಮ್ಮನೆ ನಕ್ಕು ಟೀ ಮಾಡಿಸಿ ಕೊಡುತ್ತಿದ್ದಳು. ಅವಳ ಕಾಲು ಸಣ್ಣಗಾಗುತ್ತ ಬಂದದ್ದು ಸಲ್ವಾರಿನ ಮೇಲಿಂದಲೇ ಕಾಣುತ್ತಿತ್ತು. ನನಗೆ ಹೆದರಿಕೆಯಾಗಿತ್ತು, ಹೆದರಿಕೆಯಾದಾಗ ನಾನು ಬೈಯುತ್ತೇನೆ.

ಒಂದು ಸಂಜೆ ಹೋದಾಗ ಅದೇ ಬಣ್ಣದ ಹಾಳೆ ಅವಳ ದಿಂಬಿನ ಪಕ್ಕದಲ್ಲಿತ್ತು. ಹಾಳೆಯನ್ನು ನನ್ನ ಮುಂದೆ ಹಿಡಿದು, ಇಲ್ಲಿಗಾದರೆ ಬರುತ್ತೇನೆ ಎಂದಳು. ನಮ್ಮ ಬೀದಿಯ ತಿರುವಿಗೆ ಬರಲಾರೆ ಎಂದವಳು ವಿಯೆನ್ನಾಗೆ ಬರುತ್ತಾಳಂತೆ! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ನಗಲಿಲ್ಲ. ಆಗ ನನಗೆ ಇದು ತಮಾಷೆಯಲ್ಲ ಎಂದು ತಿಳಿಯಿತು. ಹೊಸಿಲು ದಾಟಲು ಅವಳು ಕೇಳುತ್ತಿರುವ ದಾರಿ ಸ್ವಲ್ಪ ಸುತ್ತಿನದು, ಅಷ್ಟೆ. ಮನೆಗೆ ಬಂದು ತೊಗರಿಬೇಳೆ ಡಬ್ಬಿಯನ್ನು ಎತ್ತಿ ಹಾಳೆಯಲ್ಲಿದ್ದ ಫೋನ್ ನಂಬರು ನೋಡಿದೆ. ನಮ್ಮವರನ್ನು ಕರೆದರೆ, ಕೂರುವುದಾದರೆ ಇಲ್ಲೇ ಕೂರುತ್ತೇನೆ ಎಂದು ಪೇಪರನ್ನು ಮುಖದ ಮುಂದೆ ಎತ್ತಿಕೊಂಡರು.

ವಿಯೆನ್ನಾದ ಬಗ್ಗೆ ಹೇಳಬೇಕೆಂದರೆ, ನನ್ನ ಡ್ಯಾನ್ಯೂಬ್ ನೀಲಿಯಾಗಿರಲಿಲ್ಲ. ಪಾಂಡವಪುರದ ನಾಲೆಯ ನೀರಿನ ಬಣ್ಣವೇ ಇತ್ತು. ಎಷ್ಟು ವರ್ಷ ನೀಲಿ ಸೀಮೆಸುಣ್ಣ ದಂಡ ಮಾಡಿದೆನಲ್ಲ ಎಂದು ಮೊದಲ ದಿನವೇ ಹೊಟ್ಟೆ ಉರಿಯಿತು. ಉಳಿದದ್ದೆಲ್ಲ ಹಾಳೆಯಲ್ಲಿ ಹೇಳಿದಂತೆಯೇ ಇತ್ತು, ಅಂದರೆ ಏನೂ ಇರಲಿಲ್ಲ. ಬೆಳಿಗ್ಗೆ ತೋಟದಲ್ಲಿ ಕೂರುವುದು. ಆಮೇಲೆ ಟ್ರಾಮಿನಲ್ಲಿ ಕೂರುವುದು. ಮಧ್ಯಾಹ್ನ ಕಾಫಿ ಅಂಗಡಿಯಲ್ಲಿ ಕೂರುವುದು. ಅಲ್ಲಿನ ಕಾಫಿಗೆ ಒಂದು ತಟ್ಟೆ, ತಟ್ಟೆಯ ಮೇಲೆ ಒಂದು ಲೋಟ ನೀರು, ತಂದಿಡಲು ಮದುಮಗನಂತೆ ಕರಿ ಕೋಟು ತೊಟ್ಟ ಒಬ್ಬ ಮನುಷ್ಯ. ಇಷ್ಟು ವೈಭವದಲ್ಲಿ ಬಂದ ಕಾಫಿ ಕುಡಿದರೆ ಕಹಿ. ಕುಡಿದು ಮುಗಿಸಿದ ಮೇಲೂ ಯಾರೂ ಎಬ್ಬಿಸುವುದಿಲ್ಲ. ನಮ್ಮ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಕೊನೆಯ ಗುಟುಕು ಗಂಟಲಿಗಿಳಿಯುವ ಮೊದಲೇ ಟೇಬಲ್ ಒರೆಸುವ ಬಟ್ಟೆ ಮೊಣಕೈಗೆ ತಾಗುತ್ತದಲ್ಲ, ಅಂಥ ಆತ್ಮೀಯತೆ ಇಲ್ಲವೇ ಇಲ್ಲ.

ನನ್ನ ತಾತ್ಸಾರಕ್ಕೆ ಜೊತೆಯಾಗಿ ಸಿಕ್ಕವರು ಶೀಳನೆರೆಯ ನಿಂಗೇಗೌಡರು. ಕಬ್ಬು ಬೆಳೆಯುವವರು, ಹೆಂಡತಿಯ ಹಟಕ್ಕೆ ಬಂದವರು. ಹೆಗಲ ಮೇಲಿನ ಟವಲನ್ನು ಅವರು ಕೋಟಿನ ಮೇಲೂ ಬಿಟ್ಟಿರಲಿಲ್ಲ. ತೋಟದಲ್ಲಿ ಗಂಟೆಗಟ್ಟಲೆ ಬಿಸಿಲು ಕಾಯಿಸುತ್ತಿದ್ದ ಅಲ್ಲಿನ ಮುದುಕರನ್ನು ದಿಟ್ಟಿಸಿ ನೋಡಿ ಅವರು ನನ್ನನ್ನು ಕೇಳಿದರು: "ಮೇಡಮ್ಮಾರೆ, ಇವ್ರು ಬೆಳಿಗ್ಗಿಂದ ಇಂಗೇ ಕೂತವ್ರಲ್ಲ, ಇವ್ರ ಮನೇಲಿ ದನ ಕರ ಇಲ್ವಾ? ಆಲು ಕರೆಯೋರ್ಯಾರು?"

ನಾನು ಸಮಾಜ ಪಾಠದವಳಾದ್ದರಿಂದ ಪಿಂಚಣಿ, ಕಾರ್ಖಾನೆ, ಜನಸಂಖ್ಯೆ ಎಂದು ವಿವರಿಸಲು ಹೊರಟೆ. ಗೌಡರು ಅರ್ಧಕ್ಕೇ ಎದ್ದು ಹೋಗಿ ಹೂವಿನ ಪಾತಿಯ ಮಣ್ಣನ್ನು ಬೆರಳಿನಲ್ಲಿ ಉಜ್ಜಿ ನೋಡಿದರು. ಜುಬೇದಾ ಮಾತ್ರ ಒಂದು ಬೆಂಚಿನಿಂದ ಎದ್ದು, ಊರುಗೋಲು ಊರಿಕೊಂಡು, ಇನ್ನೊಂದು ಬೆಂಚಿಗೆ ಹೋಗಿ ಕೂತಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದಕ್ಕೆ. ಸೀಟು ಆರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡು ನಾನು ನಕ್ಕೆ.

ಚಪ್ಪಲಿಯ ಪ್ರಸಂಗ ನಡೆದದ್ದು ಒಂದು ಹಳೆಯ ಚರ್ಚಿನ ಮುಂದೆ. ಮೆಟ್ಟಿಲ ಬಳಿ ಜುಬೇದಾ ತಡೆದು ನಿಂತು, ಇಲ್ಲಿ ಯಾರೂ ಚಪ್ಪಲಿ ಬಿಟ್ಟಿಲ್ಲವಲ್ಲ ಎಂದು ಕಾಲಿನತ್ತ ನೋಡಿದಳು. ನಾನು ಆಗಲೇ ಲೇಸು ಬಿಚ್ಚುತ್ತಿದ್ದೆ. ದೇವರ ಮನೆಗೆ ಬೂಟು ತೊಟ್ಟು ಹೋಗಲು ಅವರಿಗೆ ನಾಚಿಕೆಯಿಲ್ಲದಿದ್ದರೆ ನಮಗಾದರೂ ಇರಬೇಡವೇ? ನಾನು ರಂಗನಾಥನ ಗುಡಿಯ ಬೀದಿಯವಳು, ಅವಳು ಮಸೀದಿಯ ಬೀದಿಯವಳು. ಬೇರೆ ಯಾವ ವಿಷಯದಲ್ಲಿ ನಮ್ಮ ಹಿರಿಯರು ಜಗಳವಾಡಿದ್ದರೂ ಚಪ್ಪಲಿಯ ವಿಷಯದಲ್ಲಿ ಅವರದು ಒಂದೇ ಮಾತು. ಎರಡು ಜೊತೆಯನ್ನೂ ಮೆಟ್ಟಿಲ ಪಕ್ಕ ಒಪ್ಪವಾಗಿ ಇಟ್ಟು ಒಳಗೆ ಹೋದೆವು. ಕಾಲುಚೀಲದ ನಮ್ಮ ಕಾಲುಗಳನ್ನು ಅಲ್ಲಿನ ಜನ ಮರುಕದಿಂದ ನೋಡಿದರು. ನಾನು ಅವರ ಬೂಟುಗಳನ್ನು ಅದಕ್ಕಿಂತ ಹೆಚ್ಚಿನ ಮರುಕದಿಂದ ನೋಡಿದೆ.

ಹೊರಗೆ ಬಂದಾಗ ಜುಬೇದಾಳ ಬೂಟು ಇರಲಿಲ್ಲ. ಅವಳ ಸೊಂಟಕ್ಕೆ ಒಳ್ಳೆಯದೆಂದು ನಾಗಮಂಗಲದ ಮೈದುನ ಹುಡುಕಿ ಕೊಟ್ಟಿದ್ದ ಅಗಲ ಅಟ್ಟೆಯ ಕರಿ ಬೂಟು. ನನ್ನದು ಇಟ್ಟಲ್ಲೇ ಇತ್ತು. ಮೈಸೂರಿನ ದೊಡ್ಡ ಅಂಗಡಿಯಲ್ಲಿ ಈ ಪ್ರವಾಸಕ್ಕೆಂದೇ ಆರಿಸಿ ತಂದ ನನ್ನ ಬೂಟನ್ನು ವಿಯೆನ್ನಾದ ಕಳ್ಳ ಕೂಡ ಬೇಡವೆಂದಿದ್ದ. ಎದುರಿನ ಬೆಂಚಿನಲ್ಲಿ ಗೌಡರು ಕೂತಿದ್ದರು. ಚರ್ಚಿನೊಳಗೆ ಚಳಿಯೆಂದು ಅವರು ಬಂದಿರಲಿಲ್ಲ. ಏನಾಯಿತು ಎಂದು ಕೇಳಿದೆ.

"ಒಬ್ಬ ಬಂದ. ಎರಡು ಜೊತೇನೂ ಎತ್ತಿ ಎತ್ತಿ ನೋಡ್ದ. ನಿಮ್ಮದ ಅಲ್ಲೇ ಮಡಗ್ಬುಟ್ಟು ಈಯಮ್ಮಾರ್ದ ಎತ್ಕಂಡೋದ," ಎಂದರು. "ನೀವೇ ದಾನಕ್ಕೆ ಮಡಗಿದ್ದೀರಿ ಅಂದ್ಕಂಡು ಸುಮ್ನಾದೆ."

ಅವರು ಅಂದುಕೊಂಡದ್ದೂ ತಪ್ಪಲ್ಲವಂತೆ. ತಮಗೆ ಬೇಡವಾದ ಸಾಮಾನನ್ನು ಆ ಊರಿನವರು ಹೀಗೆಯೇ ಬೀದಿಬದಿಯಲ್ಲಿ ಒಪ್ಪವಾಗಿ ಇಡುತ್ತಾರಂತೆ, ಬೇಕಾದವರು ಒಯ್ಯುತ್ತಾರಂತೆ. ನಮ್ಮನ್ನು ಕರೆತಂದಿದ್ದ ಪ್ರವಾಸ ಕಂಪನಿಯವನು ಇದನ್ನು ವಿವರಿಸಿದ. ಎಷ್ಟೋ ತಿಂಗಳ ಮೇಲೆ ಹೊಸಿಲು ದಾಟಿದವಳ ಕಾಲಿನಿಂದ ನಾನೇ ಬೂಟು ಬಿಚ್ಚಿಸಿ ಕಳೆದೆನಲ್ಲ, ಇನ್ನು ಇವಳು ಹೋಟೆಲು ಕೋಣೆಯಿಂದಲೂ ಏಳುವುದಿಲ್ಲ ಎಂದುಕೊಂಡೆ. ನನ್ನದನ್ನು ಎತ್ತಿ ಅವಳ ಮುಂದೆ ಇಟ್ಟೆ. ಅವಳ ಕಾಲಿಗೆ ಹಿಡಿಸಲಿಲ್ಲ.

ಜುಬೇದಾ ನಗುತ್ತಿದ್ದಳು. ಮೊದಲು ಸಣ್ಣಗೆ, ಆಮೇಲೆ ಬಸ್ಸಿನಲ್ಲಿ ನಗುತ್ತಿದ್ದಳಲ್ಲ ಹಾಗೆ, ಕಣ್ಣಲ್ಲಿ ನೀರು ಬರುವಂತೆ. ನನ್ನ ಬೂಟು ಯಾರಿಗೂ ಬೇಡವಾಯಿತಲ್ಲ ಎಂದು ನನ್ನನ್ನು ತೋರಿಸಿ ತೋರಿಸಿ ನಕ್ಕಳು. ನಗುತ್ತಲೇ ಕಾಲುಚೀಲದಲ್ಲಿ ಆ ಕಲ್ಲುಹಾಸಿನ ಮೇಲೆ ಹೊರಟೇಬಿಟ್ಟಳು. ಬೀದಿಯ ಕೊನೆಯಲ್ಲಿದ್ದ ಬೂಟಿನ ಅಂಗಡಿ ಕಾಣುತ್ತಿತ್ತು. ನಡುವೆ ಒಂದು ಬೆಂಚಿನಲ್ಲಿ ಕೂತು ಇನ್ನಷ್ಟು ನಕ್ಕು ಎದ್ದಳು. ಹೊಸ ಬೂಟು ತೊಟ್ಟು ನಿಂತಾಗ ನೋಡಿದರೆ ಕೈಯಲ್ಲಿ ಊರುಗೋಲಿಲ್ಲ. ಅದು ಚರ್ಚಿನೊಳಗೇ ಉಳಿದಿತ್ತು. ಗೌಡರು ಹೋಗಿ ತಂದುಕೊಟ್ಟರು, ಚಳಿಗೆ ಬೈದುಕೊಳ್ಳುತ್ತ. ಉಳಿದ ದಿನಗಳಲ್ಲಿ ಅದನ್ನು ಹೆಚ್ಚಾಗಿ ಹೊತ್ತವಳು ನಾನು.

ಊರಿಗೆ ಬಂದು ನಾನು ಯೂರೋಪನ್ನು ಬೈದುಕೊಂಡು ತಿರುಗಿದೆ, ಜೊತೆಗೆ ಜುಬೇದಾ ನಡೆದದ್ದನ್ನು ಸಾರಿಕೊಂಡು ತಿರುಗಿದೆ. ಅವಳ ಮನೆಗೆ ಹೋದರೆ ಆ ಹೊಸ ಬೂಟು ಹಜಾರದ ಶೋಕೇಸಿನಲ್ಲಿತ್ತು, ಪಿಂಗಾಣಿ ಕಪ್ಪುಗಳ ಪಕ್ಕದಲ್ಲಿ. ಜುಬೇದಾ ಹಳೆಯ ಜಾಗದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅಡುಗೆಮನೆ, ಹಜಾರ, ಮತ್ತೆ ಅಡುಗೆಮನೆ. ನನಗೆ ತಡೆಯಲಾಗಲಿಲ್ಲ. ಅಲ್ಲಿ ಅಷ್ಟು ಚೆನ್ನಾಗಿ ನಡೆದವಳಿಗೆ ಇಲ್ಲಿ ಏನು ಬಂದಿದೆ, ನಮ್ಮೂರಿನ ನೆಲ ನಿನ್ನ ಕಾಲಿಗೆ ಸಾಲದೇ ಎಂದು ಕೂಗಾಡಿದೆ. ಒಳಗಿನಿಂದ ಓರಗಿತ್ತಿಯರು ಇಣುಕಿ ನೋಡಿದರು.

ಅವಳು ಅವರೆಕಾಯಿಯ ಮೊರ ಪಕ್ಕಕ್ಕಿಟ್ಟಳು. "ಅಲ್ಲಿ ನಾನು ನಡೆದೆ ಅಂತ ನೀವು ಊರಿಗೆಲ್ಲ ಹೇಳ್ತಿದೀರಿ ಪದ್ಮಕ್ಕ. ನಾನು ನಡೆದಿದ್ದಲ್ಲ, ಕೂತಿದ್ದು. ಕೂತ್ಕೊಳ್ಳೋಕೆ ಮುಂದೆ ಇನ್ನೊಂದು ಜಾಗ ಕಾಣ್ತಿತ್ತಲ್ಲ, ಅಲ್ಲೀತನಕ ಹೋಗ್ತಿದ್ದೆ, ಅಷ್ಟೆ. ಇಲ್ಲಿ ಬಾಗಿಲಲ್ಲಿ ನಿಂತ್ರೆ ಏನೂ ಕಾಣಲ್ಲ. ಮಧ್ಯದಲ್ಲಿ ಕಾಲು ನಿಂತುಬಿಟ್ರೆ ಎಲ್ಲಿಗೆ ಹೋಗ್ಲಿ?"

ನಾನು ಎದ್ದು ಮನೆಗೆ ಹೊರಟೆ. ಬರುವಾಗ ಅವಳ ಕಣ್ಣಿನಿಂದ ಬೀದಿಯನ್ನು ನೋಡಿದೆ. ನಮ್ಮ ಹಳೆಯ ಮನೆಗಳಿಗೆಲ್ಲ ಜಗಲಿ ಇತ್ತು. ಹಾದಿಹೋಕರು ಕೂರಲಿ, ಕೂತು ನೀರು ಕೇಳಲಿ, ನೀರು ಕುಡಿದು ಊರಿನ ಸುದ್ದಿ ಹೇಳಲಿ ಎಂದೇ ಹಿರಿಯರು ಕಟ್ಟಿದ್ದು. ಈಗ ಒಂದಕ್ಕೆ ಕಬ್ಬಿಣದ ಗ್ರಿಲ್ಲು. ಒಂದರ ಮೇಲೆ ಗುಲಾಬಿ ಕುಂಡಗಳು. ಮತ್ತೊಂದಕ್ಕೆ ಯಾರು ಕೂತರೂ ಜಾರುವಂತೆ ಇಳಿಜಾರಾಗಿ ಟೈಲ್ಸು. ನಾಯಿ ಮಲಗಬಾರದೆಂದು ಒಬ್ಬ ಮಹಾನುಭಾವ ಗಾಜಿನ ಚೂರು ನೆಟ್ಟಿದ್ದಾನೆ. ನಾಯಿಗಳು ಅವನ ಕಾರಿನ ಮೇಲೆ ಮಲಗುತ್ತವೆ. ನಮ್ಮದೇ ಜಗಲಿಯ ಮೇಲೆ ನಮ್ಮವರ ಸ್ಕೂಟರು ಟಾರ್ಪಾಲು ಹೊದ್ದು ನಿಂತಿದೆ. ಅದು ಓಡುವುದನ್ನು ನಿಲ್ಲಿಸಿದ್ದು ಅವರು ಓಡಿಸುವುದನ್ನು ನಿಲ್ಲಿಸುವ ಮೊದಲೇ. ಇನ್ನು ಊರಿನವರೊಬ್ಬರು ಧರ್ಮಕ್ಕೆ ಹಾಕಿಸಿದ ಒಂದು ಸಿಮೆಂಟು ಬೆಂಚಿದೆ. ಅದರ ಬೆನ್ನಿನ ಮೇಲೆ ದಾನಿಯ ಹೆಸರು, ಅವರ ತಂದೆಯ ಹೆಸರು, ಹೊಂದಿದ್ದ ಪದವಿ ಎಲ್ಲವನ್ನೂ ಎಷ್ಟು ದೊಡ್ಡದಾಗಿ ಬರೆಸಿದ್ದಾರೆಂದರೆ, ಕೂತರೆ ಹೆಸರು ಮುಚ್ಚಿಹೋಗುತ್ತದೆಂದು ಜನ ಹೆದರಿ ನಿಂತಿರುತ್ತಾರೆ.

ಇಡೀ ವಾರ ವಿಯೆನ್ನಾದಲ್ಲಿ ನಾನು ಯಾವ ಬೆಂಚುಗಳನ್ನು ನೋಡಿ ನಗುತ್ತಿದ್ದೆನೋ ಅವನ್ನೇ ಜುಬೇದಾ ಎಣಿಸಿಕೊಂಡು ನಡೆಯುತ್ತಿದ್ದಳು. ಇದು ತಿಳಿದ ಮೇಲೆ ನನಗೆ ಕೋಪ ಬಂತು. ಯಾರ ಮೇಲೆ ಎಂದು ಗೊತ್ತಾಗದೆ ನಮ್ಮವರ ಮೇಲೆ ತೀರಿಸಿಕೊಂಡೆ. ಸ್ಕೂಟರು ತೆಗೆಯಿರಿ ಎಂದೆ. ಗಿರಾಕಿ ಬರಲಿ ಎಂದರು. ಸ್ಕೂಟರಿಗೆ ಗಿರಾಕಿ ಬರುವವರೆಗೆ ಜುಬೇದಾಳ ಕಾಲು ಕಾಯುವುದಿಲ್ಲ. ಅವರು ಕೂತು ಪೇಪರ್ ಓದುವ ಕೆಂಪು ಪ್ಲಾಸ್ಟಿಕ್ ಕುರ್ಚಿಯಿಂದ ಅವರನ್ನು ಎಬ್ಬಿಸಿ, ಕುರ್ಚಿ ಎತ್ತಿಕೊಂಡು ಹೊರಟೆ.

ಜುಬೇದಾಳ ಬಾಗಿಲಿನಿಂದ ಅವಳಿಗೆ ಕಾಣುವಷ್ಟು ದೂರದಲ್ಲಿ ಕುರ್ಚಿ ಇಟ್ಟು, ಪಕ್ಕದಲ್ಲಿ ನಿಂತೆ. ಅವಳು ಹೊಸಿಲ ಮೇಲೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಶೋಕೇಸು ತೆಗೆದ ಸದ್ದಾಯಿತು. ಬೂಟು ತೊಟ್ಟು ಬಂದಳು, ಕುರ್ಚಿಯವರೆಗೆ ನಡೆದಳು, ಕೂತಳು. ಉಸಿರು ಹಿಂದಿರುಗಿದ ಮೇಲೆ ಎದ್ದು ನಿಂತಳು. ನಾನು ಕುರ್ಚಿ ಎತ್ತಿಕೊಂಡು ಮುಂದೆ ಹೋಗಿ ಇಟ್ಟೆ. ಮೊದಲ ದಿನ ಅಷ್ಟೇ ಆಯಿತು. ಮರುದಿನದಿಂದ ಬೀದಿಯವರಿಗೆ ಒಳ್ಳೆಯ ಮನರಂಜನೆ. ಎಲ್ಲಿಗೆ ಮೆರವಣಿಗೆ ಎಂದು ಕೇಳಿದರು, ಕುರ್ಚಿ ಬಾಡಿಗೆಗೆ ಉಂಟೇ ಎಂದರು. ಗಾಜಿನ ಚೂರಿನ ಮಹಾನುಭಾವ ತನ್ನ ಮನೆ ಮುಂದೆ ಇಡಬೇಡಿ ಎಂದ. ನಾನು ಅಲ್ಲೇ ಇಟ್ಟು, ಜುಬೇದಾಳಿಗೆ ಅವಸರವಿಲ್ಲದೆ ಕೂರು ಎಂದೆ. ಸ್ಟೂಲು ಹೊತ್ತು ಬಂದಿದ್ದ ಆ ಪರದೇಶದ ಮುದುಕಿ ನನಗೆ ಆಗಾಗ ನೆನಪಾಗುತ್ತಿದ್ದಳು. ಅವಳದು ಮಡಿಸಿದರೆ ಚೀಲಕ್ಕೆ ಹಿಡಿಯುತ್ತಿತ್ತು, ನನ್ನದಕ್ಕೆ ಆ ಪುಣ್ಯವೂ ಇಲ್ಲ.

ಹೀಗೆ ದಿನದಿನಕ್ಕೆ ಮುಂದೆ ಮುಂದೆ ಹೋಗಿ, ಮೊನ್ನೆ ಹೊಳೆಯ ಕಡೆ ಹೊರಟಿದ್ದೆವು. ಬಿಸಿಲು ಜೋರಾಗಿತ್ತು. ಕುರ್ಚಿ ಹೊತ್ತು ಹೊತ್ತು ನನಗೆ ತೋಳು ಸೋತಿತ್ತು, ಅದಕ್ಕಿಂತ ಹೆಚ್ಚಾಗಿ ಮಾತಾಡಿ ಮಾತಾಡಿ ಉಸಿರು ಸೋತಿತ್ತು. ತಿರುವಿನಲ್ಲಿ ಕುರ್ಚಿ ಇಟ್ಟು ಅವಳಿಗಾಗಿ ಕಾದೆ. ಜುಬೇದಾ ಬಂದಳು, ನನ್ನ ಮುಖ ನೋಡಿದಳು, ಕೂರಲಿಲ್ಲ.

"ನೀವು ಕೂತ್ಕೊಳ್ಳಿ ಪದ್ಮಕ್ಕ," ಎಂದಳು. "ನಾನು ನಿಂತಿರ್ತೀನಿ."

ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನನ್ನ ಭುಜ ಒತ್ತಿ ಕೂರಿಸಿಯಾಗಿತ್ತು. ಹಿಂದಿನಿಂದ ಆಟೋದವನೊಬ್ಬ ಹಾರ್ನ್ ಒತ್ತಿದ. ಜುಬೇದಾ ಬೀದಿಯ ಮಧ್ಯಕ್ಕೆ ನಾಲ್ಕು ಹೆಜ್ಜೆ ಹೋಗಿ, ತೊಣ್ಣೂರು ಏರಿಯ ಮೇಲಿಂದ ಬೀಸುತ್ತಿದ್ದ ಅದೇ ಕೈಯನ್ನು ಎತ್ತಿ ಅವನನ್ನು ಪಕ್ಕಕ್ಕೆ ಹೋಗಲು ಹೇಳಿದಳು. ಊರುಗೋಲು ನನ್ನ ತೊಡೆಯ ಮೇಲಿತ್ತು. ಆಟೋದವನು ಗೊಣಗಿಕೊಂಡು ಸುತ್ತುಹಾಕಿ ಹೋದ. ಎಮ್ಮೆಗಳೂ ಸುತ್ತುಹಾಕಿ ಹೋದವು.

ಯೂರೋಪನ್ನು ನಾನು ಇನ್ನೂ ಒಪ್ಪಿಲ್ಲ. ಆ ಕಾಫಿಯನ್ನಂತೂ ಎಂದೂ ಒಪ್ಪುವುದಿಲ್ಲ. ಆದರೆ ಬೀದಿಯ ಮಧ್ಯೆ ಕೂತು ನೋಡಿದರೆ ನಮ್ಮೂರಿನಲ್ಲಿ ಬೈಯುವುದಕ್ಕೆ ಇನ್ನೂ ಎಷ್ಟೊಂದಿದೆ ಎಂಬುದು ನಿಂತವರಿಗೆ ತಿಳಿಯುವಂಥದ್ದಲ್ಲ. ಹೋಗೋಣವೇ ಎಂದು ಜುಬೇದಾ ಹೊಳೆಯ ಕಡೆ ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ ಕೇಳಿದಳು. ಸ್ವಲ್ಪ ತಾಳು ಎಂದೆ. ಅವಳು ನನಗಾಗಿ ಕಾಯುತ್ತಿದ್ದಾಳೆ ಎಂಬುದನ್ನು ಇನ್ನೊಂದಷ್ಟು ಹೊತ್ತು ಕೂತು ನೋಡಬೇಕಾಗಿತ್ತು.